ತಲೆ ಸುತ್ತುತ್ತದೆ ಎಂಬ ಸುಳ್ಳು

ಮೈಸೂರಿನ ದಸರಾ ವಸ್ತುಪ್ರದರ್ಶನಕ್ಕೆ ಹೋಗುವುದೆಂದರೆ ನಮ್ಮ ಮನೆಯಲ್ಲಿ ಬೆಳಿಗ್ಗೆಯೇ ಲೆಕ್ಕ ಶುರುವಾಗುತ್ತಿತ್ತು. ಲೆಕ್ಕ ನನ್ನದು. ಭಾನುವಾರವೇ ಆಗಬೇಕು, ಸಂಜೆ 7ಕ್ಕೆ ಅರಮನೆಯ ಸುಮಾರು 1 ಲಕ್ಷ ಬಲ್ಬುಗಳು ಒಮ್ಮೆಲೇ ಹೊತ್ತುವುದನ್ನು ನೋಡಲು ಕಾಸು ಬೇಡ. ಆಮೇಲೆ ರಸ್ತೆ ದಾಟಿದರೆ ದೊಡ್ಡಕೆರೆ ಮೈದಾನ. ಚಪಾತಿ ಪಲ್ಯ ಮನೆಯದು. ಮುಖಕ್ಕಿಂತ ಅಗಲದ ಡೆಲ್ಲಿ ಹಪ್ಪಳ ಮಾತ್ರ ಅಲ್ಲಿಯದು, ನಾಲ್ವರಿಗೆ ಎರಡು.

ಜಯಂಟ್ ವೀಲಿಗೆ ಮೂರೇ ಟಿಕೆಟ್. “ನನಗೆ ತಲೆ ಸುತ್ತುತ್ತೆ, ನೀವು ಹೋಗಿ ಬನ್ನಿ” ಎಂದು ಚೀಲ ಕಾಯುತ್ತಾ ಕೆಳಗೆ ನಿಂತು ಕೈ ಬೀಸುತ್ತಿದ್ದೆ. ತಲೆ ಎಂದೂ ಸುತ್ತಿದ್ದಿಲ್ಲ.

ಇದನ್ನು ತ್ಯಾಗವೆಂದೇ ತಿಳಿದು ಒಳಗೊಳಗೇ ಕೊಂಚ ಬೀಗಿಯೂ ಇದ್ದೆ. ನೀವೂ ಹೇಳಿರುತ್ತೀರಿ, ನನಗೆ ಸಿಹಿ ಸೇರಲ್ಲ, ಹಸಿವಿಲ್ಲ ಅಂತ. ಕಳೆದ ಸಲ ಮಗಳು ತನ್ನ ಸಂಬಳದಲ್ಲಿ ನಮ್ಮನ್ನೆಲ್ಲ ಕರೆದೊಯ್ದಳು. ಟಿಕೆಟ್ ತಂದಳು, ಮೂರು. “ಅಮ್ಮನಿಗೆ ಆಗಲ್ಲವಲ್ಲ” ಎಂದಳು, ಪ್ರೀತಿಯಿಂದಲೇ.

ಎದೆ ಚುರುಕ್ಕೆಂದಿತು. ತಪ್ಪು ಅವಳದಲ್ಲ. ದುಡ್ಡು ಸಾಲದು ಎಂದು ಅಂದೇ ಹೇಳಿದ್ದರೆ ಮಕ್ಕಳು ಮುಖ ಸಣ್ಣದು ಮಾಡುತ್ತಿದ್ದರು, ನಿಜ. ಆದರೆ ಒಂದು ಸಲವಾದರೂ “ಈ ಸುತ್ತು ನೀನು ಹೋಗಮ್ಮ” ಅನ್ನುತ್ತಿದ್ದರೇನೋ. ಬಿಟ್ಟುಕೊಡುವ ಸುಖವನ್ನೆಲ್ಲ ನಾನೊಬ್ಬಳೇ ಇಟ್ಟುಕೊಂಡೆನೆ? ತಮ್ಮ ಅಮ್ಮನಿಗೆ ಎತ್ತರ ಇಷ್ಟ ಎಂಬುದೇ ಗೊತ್ತಾಗದಂತೆ ಅವರನ್ನು ಬೆಳೆಸಿದ್ದು ಯಾವ ಸೀಮೆಯ ಉಳಿತಾಯ?

“ಇನ್ನೊಂದು ತಾರೇ” ಎಂದೆ. ತೊಟ್ಟಿಲು ತುದಿಗೇರಿ ನಿಂತಾಗ, ಹೆದರಿಯೇನೆಂದು ಅವಳು ನನ್ನ ಕೈಯನ್ನು ಬಿಗಿಯಾಗಿ ಹಿಡಿದಳು. ಹೆದರಿಕೆಯೇನೂ ಇರಲಿಲ್ಲ. ಹೇಳಲಿಲ್ಲ.