ದಾರದ ತುದಿ ಯಾರ ಕೈಯಲ್ಲಿ?



ನಿಮ್ಮ ಮನೆಯಲ್ಲಿ ಉಲ್ಲನ್ ಹೆಣೆಯುವವರು ಇದ್ದಾರೆಯೇ? ನೀವೇ ಆ ಹವ್ಯಾಸದವರಾಗಿದ್ದರೆ ಈ ಪ್ರಶ್ನೆ ನೇರವಾಗಿ ನಿಮಗೇ. ಕೈಯಾರೆ ಹೆಣೆದು ಇನ್ನೊಬ್ಬರಿಗೆ ಕೊಟ್ಟ ಸ್ವೆಟರಿನ ಮೇಲೆ, ಕೊಟ್ಟ ನಂತರವೂ, ನಿಮಗೆ ಹಕ್ಕಿದೆಯೇ? ಅವರು ಅದನ್ನು ತೊಡಬೇಕು, ಜೋಪಾನವಾಗಿ ಇಟ್ಟುಕೊಳ್ಳಬೇಕು, ನೀವು ಹೋದಾಗ ನಿಮ್ಮ ಕಣ್ಣಿಗೆ ಬೀಳಬೇಕು ಎಂದು ಬಯಸುವುದು ಪ್ರೀತಿಯ ಲಕ್ಷಣವೇ, ಇಲ್ಲವೇ ಕೊಟ್ಟ ಸಾಲವನ್ನು ವಸೂಲು ಮಾಡುವವರ ಲಕ್ಷಣವೇ?

ಕುಟುಂಬ ಮತ್ತು ವಿಶ್ವಾಸದ ಪುಟದಲ್ಲಿ ಸ್ವೆಟರಿನ ವಿಚಾರವೇ ಎಂದು ನಗಬೇಡಿ. ಆಸ್ತಿಯ ಜಗಳ, ಒಡವೆಯ ಜಗಳವಾದರೆ ಹತ್ತು ಜನ ಸೇರಿ ಬಗೆಹರಿಸುತ್ತಾರೆ. ಬೀರುವಿನ ತಳದಲ್ಲಿ ಮಡಿಸಿಟ್ಟ ಒಂದು ಉಲ್ಲನ್ ಟೋಪಿಯಿಂದ ಹುಟ್ಟಿದ ಮುನಿಸನ್ನು ಯಾರೂ ಬಗೆಹರಿಸುವುದಿಲ್ಲ. ಅದನ್ನು ಬಾಯಿಬಿಟ್ಟು ಹೇಳಲು ಇಬ್ಬರಿಗೂ ನಾಚಿಕೆ. ಹಾಗಾಗಿಯೇ ಅದು ವರ್ಷಗಟ್ಟಲೆ ಉಳಿದುಬಿಡುತ್ತದೆ.

ಮೊದಲು ಹೆಣೆಯುವವರ ದಿನಚರಿಯನ್ನು ನೋಡೋಣ. ಬೆಳಿಗ್ಗೆ ಹಾಲು, ತಿಂಡಿ, ಡಬ್ಬಿ, ಮಕ್ಕಳ ಶಾಲೆ ಇವೆಲ್ಲ ಮುಗಿದು, ಮಧ್ಯಾಹ್ನ ಪಾತ್ರೆ ತೊಳೆದಿಟ್ಟ ಮೇಲೆ ಸಿಗುವ ಅರ್ಧ ಗಂಟೆಯಲ್ಲಿ ನಾಲ್ಕು ಸಾಲು. ರಾತ್ರಿ ಮನೆಯವರೆಲ್ಲ ಸೇರಿ ಜಪಸರ ಹೇಳಿ, ಊಟ ಮುಗಿಸಿದ ಮೇಲೆ ಇನ್ನು ಆರು ಸಾಲು. ಶನಿವಾರ, ಭಾನುವಾರ ಹೊರಗೆ ಹೊರಟರೆ ಊಟದ ಬುತ್ತಿಯ ಜೊತೆಗೆ ಉಲ್ಲನ್ ಚೀಲವೂ ಹೊರಡುತ್ತದೆ. ಬೆಂಗಳೂರಿನಿಂದ ಡೋರನಹಳ್ಳಿಯ ಸಂತ ಅಂತೋನಿಯವರ ಪುಣ್ಯಕ್ಷೇತ್ರಕ್ಕೆ ಧರ್ಮಕೇಂದ್ರದ ಮಹಿಳೆಯರು ಬಸ್ಸು ಮಾಡಿಕೊಂಡು ಹೋಗುವಾಗ ನೋಡಿ: ಮೈಸೂರು ದಾಟುವಷ್ಟರಲ್ಲಿ ಕೆಲವರು ನಿದ್ದೆಹೋಗಿರುತ್ತಾರೆ, ಕೆಲವರು ಕೀರ್ತನೆ ಹಾಡುತ್ತಿರುತ್ತಾರೆ, ಕಿಟಕಿಯ ಪಕ್ಕದಲ್ಲಿ ಒಬ್ಬರ ಕೈಯಲ್ಲಿ ಮಾತ್ರ ಒಂದು ತೋಳು ಮೊಳದುದ್ದ ಬೆಳೆದಿರುತ್ತದೆ. ಲಾಲ್‌ಬಾಗಿಗೆ ಮೊಮ್ಮಕ್ಕಳನ್ನು ಕರೆದುಕೊಂಡು ಹೋದರೂ ಅಷ್ಟೇ. ಮಕ್ಕಳು ಬಂಡೆ ಹತ್ತಿ ಇಳಿಯುವವರೆಗೆ ಅಜ್ಜಿಗೆ ಬೆಂಚು, ಕಡ್ಡಿ, ಬಿಸಿಲು ಸಾಕು.

ಈ ಕೆಲಸದ ಲೆಕ್ಕವನ್ನೂ ಸ್ವಲ್ಪ ಹಾಕೋಣ. ಮಾಮೂಲು ದಪ್ಪದ ದಾರದಲ್ಲಿ ಹತ್ತು ಸೆಂಟಿಮೀಟರ್ ಉದ್ದ, ಅಷ್ಟೇ ಅಗಲದ ತುಂಡಿಗೆ ಸುಮಾರು 22 ಕುಣಿಕೆ, 30 ಸಾಲು ಬೇಕು. ಎಂದರೆ 660 ಕುಣಿಕೆ. ದೊಡ್ಡವರ ಒಂದು ತುಂಬುತೋಳಿನ ಸ್ವೆಟರಿನಲ್ಲಿ ಅಂಥ ತುಂಡುಗಳು ಎಂಬತ್ತಾದರೂ ಇರುತ್ತವೆ. ಅಲ್ಲಿಗೆ 50 ಸಾವಿರ ಕುಣಿಕೆ ದಾಟಿತು. ನಿಮಿಷಕ್ಕೆ ಮೂವತ್ತು ಹಾಕುವ ಚುರುಕು ಕೈಯಾದರೂ ಮೂವತ್ತು ಗಂಟೆಯ ಹತ್ತಿರ. ಬಿಚ್ಚಿ ಮತ್ತೆ ಹಾಕಿದ್ದನ್ನು ಇದರಲ್ಲಿ ಸೇರಿಸಿಲ್ಲ! ಇಷ್ಟೆಲ್ಲ ಮಾಡಿದ ಮೇಲೆ ಮಗ ಬಂದು, "ಅಮ್ಮಾ, ಟಿಬೆಟಿನವರು ರಸ್ತೆ ಬದಿಯಲ್ಲಿ ಇದಕ್ಕಿಂತ ಕಡಿಮೆಗೆ ಮಾರ್ತಾರಲ್ಲ" ಎಂದರೆ ಎದೆಗೆ ನಾಟುವುದು ಸಹಜವೇ.

ಆದರೆ ಮಗ ಹೇಳಿದ್ದು ಸುಳ್ಳಲ್ಲ. ಇಂಗ್ಲೆಂಡಿನಲ್ಲಿ ವಿಲಿಯಂ ಲೀ ಎಂಬ ಪಾದ್ರಿ ಕಾಲುಚೀಲ ಹೆಣೆಯುವ ಯಂತ್ರ ಮಾಡಿದ್ದು 1589ರಲ್ಲಿ. ಅಂದಿನಿಂದ ಇಂದಿನವರೆಗೆ ಯಂತ್ರ ನಮ್ಮ ಕೈಯನ್ನು ಹಿಂದೆ ಹಾಕುತ್ತಲೇ ಬಂದಿದೆ. ಈಗ ನಮ್ಮೂರುಗಳಲ್ಲಿ ಚಳಿಗೆಂದು ಯಾರೂ ಹೆಣೆಯಬೇಕಾಗಿಲ್ಲ. ಹೆಣೆಯುವವರು ಹೆಣೆಯುವುದು ಅದರಲ್ಲಿ ಸುಖವಿದೆ ಎಂದು. ಬೆರಳು ತಾನಾಗಿ ಓಡುತ್ತದೆ, ಮನಸ್ಸು ತಣ್ಣಗಾಗುತ್ತದೆ, ಬೇಡದ ಚಿಂತೆ ಹತ್ತಿರ ಸುಳಿಯುವುದಿಲ್ಲ. ನಮ್ಮ ಪ್ರಶ್ನೆಗೆ ಉತ್ತರದ ಅರ್ಧಭಾಗ ಇಲ್ಲಿಯೇ ಇದೆ ಎಂದು ನನಗೆ ತೋರುತ್ತದೆ. ಆ ಮೂವತ್ತು ಗಂಟೆಗಳ ಕೂಲಿ ನಿಮಗೆ ಆಗಲೇ ಸಂದಿದೆ. ಬಸ್ಸಿನ ಕಿಟಕಿಯ ಪಕ್ಕ, ಲಾಲ್‌ಬಾಗಿನ ಬೆಂಚಿನ ಮೇಲೆ, ರಾತ್ರಿಯ ಮೌನದಲ್ಲಿ ಸಾಲು ಸಾಲಾಗಿ ಅದನ್ನು ಪಡೆದಿದ್ದೀರಿ. ಅದೇ ಕೂಲಿಯನ್ನು ತೊಡುವವರಿಂದ ಇನ್ನೊಮ್ಮೆ ಕೇಳಬಹುದೇ?

ನನಗೆ ತಿಳಿದ ಒಂದು ಮನೆಯ ವಿಷಯ ಹೇಳುತ್ತೇನೆ. ಅತ್ತೆ ಚಿಕ್ಕಮಗಳೂರಿನವರು. ಮಗನಿಗೆ ಮಂಗಳೂರಿನಲ್ಲಿ ಬ್ಯಾಂಕಿನ ಕೆಲಸ. ಮೊದಲ ಮೊಮ್ಮಗುವಿನ ಜ್ಞಾನಸ್ನಾನಕ್ಕೆಂದು ಅತ್ತೆ ಬಿಳಿಯ ದಾರದಲ್ಲಿ ಕುಂಚಿಗೆ, ಕುಲಾವಿ, ಪುಟ್ಟ ಕಾಲುಚೀಲ ಎಲ್ಲ ಹೆಣೆದುಕೊಟ್ಟರು. ಮಂಗಳೂರಿನಲ್ಲಿ ಡಿಸೆಂಬರಿನಲ್ಲೂ ರಾತ್ರಿ ಫ್ಯಾನು ನಿಲ್ಲಿಸುವಂತಿಲ್ಲ. ಜ್ಞಾನಸ್ನಾನದ ದಿನ ತೊಡಿಸಿದ್ದಕ್ಕೇ ಮಗುವಿನ ಕುತ್ತಿಗೆಯೆಲ್ಲ ಬೆವರುಗುಳ್ಳೆ. ಸೊಸೆ ಅದನ್ನು ಒಗೆದು, ಮಡಿಸಿ, ಬೀರುವಿನಲ್ಲಿಟ್ಟಳು. ಆಮೇಲೆ ಶುರುವಾಯಿತು ಫೋನು. "ಮಗೂಗೆ ಕುಲಾವಿ ಹಾಕ್ತಿದೀಯಾ?" "ಹೂಂ ಅತ್ತೆ, ಹಾಕ್ತಿದೀನಿ." ಮರುವಾರ ಅದೇ ಪ್ರಶ್ನೆ, ಅದೇ ಉತ್ತರ. ಒಮ್ಮೆ ಫೋಟೋ ಕಳಿಸು ಎಂದರು. ಸೊಸೆ ಫ್ಯಾನಿನ ಕೆಳಗೆ ಮಗುವನ್ನು ಕೂರಿಸಿ, ಎರಡು ನಿಮಿಷ ತೊಡಿಸಿ, ಫೋಟೋ ತೆಗೆದು ಬಿಚ್ಚಿದಳು.

ಸೊಸೆ ಮಾಡಿದ್ದು ಸುಳ್ಳೇ? ಫೋಟೋ ಸುಳ್ಳಲ್ಲ ಎನ್ನುತ್ತೇನೆ. ಅದು ಒಂದು ವಂದನೆ, ಹಿರಿಯರ ಕೈಕೆಲಸಕ್ಕೆ ತೋರಿದ ಮರ್ಯಾದೆ. "ಹೂಂ, ಹಾಕ್ತಿದೀನಿ" ಎಂದದ್ದು ಮಾತ್ರ ಸುಳ್ಳೇ. ಚಿಕ್ಕದಾದರೂ ಸುಳ್ಳು ಸುಳ್ಳೇ ಎಂದು ಧರ್ಮಸಭೆ ನಮಗೆ ಕಲಿಸಿದೆ. ಆದರೆ ಆ ಸುಳ್ಳನ್ನು ಅವಳ ಬಾಯಿಯಿಂದ ಹೊರಡಿಸಿದ್ದು ಯಾವುದು? ಪ್ರತಿ ವಾರದ ಆ ಪ್ರಶ್ನೆ. ಸತ್ಯ ಹೇಳಿದರೆ ಅತ್ತೆಗೆ ನೋವು, ಹೇಳದಿದ್ದರೆ ತನಗೆ ಪಾಪ ಎಂಬ ಇಕ್ಕಟ್ಟಿಗೆ ಆ ಹುಡುಗಿಯನ್ನು ತಳ್ಳಿದ್ದು ಪ್ರೀತಿಯಿಂದ ಕೊಟ್ಟ ಉಡುಗೊರೆ. ಇದನ್ನು ಬರೆಯುವಾಗ ನನಗೆ ಅತ್ತೆಯ ಮೇಲೂ ಕನಿಕರವೇ. ಮೊಮ್ಮಗುವನ್ನು ದಿನಾ ಎತ್ತಿಕೊಳ್ಳುವ ಭಾಗ್ಯ ಆಕೆಗೆ ಇಲ್ಲ. ತಾನಿಲ್ಲದ ಕಡೆ ತನ್ನ ಕೈಯ ಬಿಸಿಯಾದರೂ ಇರಲಿ ಎಂಬ ಆಸೆ, ಅಷ್ಟೆ.

ಸಂತ ತೋಮಸ್ ಅಕ್ವಿನಾಸರು ತಮ್ಮ ಮಹಾಗ್ರಂಥದಲ್ಲಿ ಪವಿತ್ರಾತ್ಮರಿಗೆ 'ವರ' ಎಂಬ ಹೆಸರು ಏಕೆ ಒಪ್ಪುತ್ತದೆ ಎಂದು ವಿಚಾರಿಸುತ್ತ, ಅರಿಸ್ಟಾಟಲನನ್ನು ಅನುಸರಿಸಿ, ಮರಳಿ ಪಡೆಯುವ ಎಣಿಕೆ ಇಲ್ಲದೆ ಕೊಟ್ಟದ್ದೇ ಕೊಡುಗೆ ಎಂದು ಹೇಳುತ್ತಾರೆ. ನಾವು ಯಾರಿಗೇ ಏನೇ ಕೊಡಲಿ, ಮೊದಲು ಕೊಡುವುದು ಪ್ರೀತಿಯನ್ನು. ವಸ್ತು ಅದರ ಹಿಂದೆ ಬರುತ್ತದೆ ಎಂಬುದು ಅವರ ವಿಚಾರ. ಹಾಗಾದರೆ ಪಡೆದವರಿಗೆ ಯಾವ ಋಣವೂ ಇಲ್ಲವೇ? ಇದೆ ಎನ್ನುತ್ತಾರೆ ಸಂತರು. ಉಪಕಾರವನ್ನು ಉಪಕಾರವೆಂದು ಗುರುತಿಸಬೇಕು, ಬಾಯಿತುಂಬ ವಂದಿಸಬೇಕು, ಸಮಯ ಬಂದಾಗ ಕೈಲಾದಷ್ಟು ಹಿಂದಿರುಗಿಸಬೇಕು. ಆದರೆ ಈ ಋಣ ನ್ಯಾಯಾಲಯದಲ್ಲಿ ಕೇಳಿ ಪಡೆಯುವಂಥದಲ್ಲ, ಸದ್ಗುಣಕ್ಕೆ ಸೇರಿದ್ದು. ಪಡೆದವರು ತಾವಾಗಿ ತೀರಿಸಿದರೆ ಅದು ಕೃತಜ್ಞತೆ; ಕೊಟ್ಟವರು ಹೋಗಿ ಕೇಳಿದರೆ ಬಡ್ಡಿ ವ್ಯವಹಾರದ ವಾಸನೆ ಬರುತ್ತದೆ. ಇನ್ನೊಂದು ಮಾತನ್ನೂ ಅವರು ಸೇರಿಸುತ್ತಾರೆ: ಪಡೆದವರನ್ನು ಕೃತಘ್ನರೆಂದು ತೀರ್ಮಾನಿಸಲು ಆತುರಪಡಬಾರದು, ತೀರಿಸುವ ಅವಕಾಶವೇ ಅವರಿಗೆ ಒದಗಿಲ್ಲದಿರಬಹುದು. ಮಂಗಳೂರಿನ ಸೆಕೆ ಇಂಥ ಒಂದು ಕಾರಣವಲ್ಲದೆ ಮತ್ತೇನು?

ಹೆಣೆಯುವವರಿಗೆ ಇದು ಕೈಗೇ ಗೊತ್ತಿರುವ ಸಂಗತಿ. ಮಗ್ಗದ ಬಟ್ಟೆಯಲ್ಲಿ ಹಾಸು, ಹೊಕ್ಕು ಎಂದು ಎರಡು ಬಗೆಯ ನೂಲು. ಕಡ್ಡಿಯ ಹೆಣಿಗೆಯಲ್ಲಿ ಉಂಡೆಯಿಂದ ಬಂದ ಒಂದೇ ದಾರ ಮೊದಲ ಕುಣಿಕೆಯಿಂದ ಕೊನೆಯ ಕುಣಿಕೆಯವರೆಗೆ ಓಡುತ್ತದೆ. ಕೊನೆಯ ಸಾಲು ಮುಗಿದ ಮೇಲೆ ಏನು ಮಾಡುತ್ತೀರಿ? ದಾರವನ್ನು ಉಂಡೆಯಿಂದ ಕತ್ತರಿಸುತ್ತೀರಿ, ತುದಿಯನ್ನು ಕೊನೆಯ ಕುಣಿಕೆಯೊಳಗೆ ಎಳೆದು, ಸೂಜಿಯಿಂದ ಒಳಮೈಯಲ್ಲಿ ಸೇರಿಸುತ್ತೀರಿ. ಕತ್ತರಿಸದೆ ಕೊಟ್ಟರೆ ಮಗು ಬಾಗಿಲು ದಾಟುವಷ್ಟರಲ್ಲಿ ಉಂಡೆ ಉರುಳತೊಡಗುತ್ತದೆ. ನೀವು ಉಂಡೆಯನ್ನು ಗಟ್ಟಿಯಾಗಿ ಹಿಡಿದರೆ ಮಗುವಿನ ಮೈಮೇಲಿನ ಅಂಗಿಯೇ ಬಿಗಿಯುತ್ತದೆ.

ಜರ್ಮನಿಯ ಹ್ಯಾಂಬರ್ಗ್ ನಗರದ ಕಲಾಸಂಗ್ರಹಾಲಯದಲ್ಲಿ ಒಂದು ಹಳೆಯ ಪೀಠಚಿತ್ರವಿದೆ. ಸಮೀಪದ ಬುಕ್ಸ್‌ಟೆಹೂಡ ಎಂಬ ಊರಿನ ಕನ್ಯಾಮಠಕ್ಕೆಂದು ಸುಮಾರು 1400ರ ಹೊತ್ತಿಗೆ ಮಾಡಿದ್ದು. ಮಾಸ್ಟರ್ ಬರ್ಟ್ರಾಮ್ ಎಂಬ ಕಲಾವಿದನ ಹೆಸರಿನಲ್ಲಿದೆ. ಅದರ ಒಂದು ಫಲಕದಲ್ಲಿ ಮಾತೆ ಮರಿಯಮ್ಮನವರು ಕುಳಿತು ಹೆಣೆಯುತ್ತಿದ್ದಾರೆ! ನಾಲ್ಕು ಕಡ್ಡಿಗಳ ಮೇಲೆ, ಸುತ್ತು ಹೆಣಿಗೆಯಲ್ಲಿ, ಮಗನಿಗೊಂದು ಅಂಗಿ. ಕುತ್ತಿಗೆಯ ಭಾಗ ಮಾತ್ರ ಬಾಕಿ. ಬಾಲಯೇಸು ನೆಲದ ಮೇಲೆ ಪುಸ್ತಕ ಹಿಡಿದು ಮಲಗಿದ್ದಾನೆ, ಪಕ್ಕದಲ್ಲಿ ಬುಗುರಿ. ಅವನು ತಲೆಯೆತ್ತಿ ನೋಡುತ್ತಿರುವ ಕಡೆ ಇಬ್ಬರು ದೇವದೂತರು ನಿಂತಿದ್ದಾರೆ. ಅವರ ಕೈಯಲ್ಲಿ ಶಿಲುಬೆ, ಈಟಿ, ಮೊಳೆಗಳು, ಮುಳ್ಳಿನ ಕಿರೀಟ.

ಪ್ರಭುವಿನ ಕಾಲದ ಪಾಲೆಸ್ತೀನದಲ್ಲಿ ಹೀಗೆ ಕಡ್ಡಿಯಲ್ಲಿ ಹೆಣೆಯುತ್ತಿರಲಿಲ್ಲ, ಅದು ಚಿತ್ರಕಾರನ ಕಾಲದ ಕಸುಬು. ಸಂತ ಯೊವಾನ್ನರ ಶುಭಸಂದೇಶ ಹೇಳುವುದು ಮೇಲಿನಿಂದ ಕೆಳಗಿನವರೆಗೆ ಹೊಲಿಗೆಯಿಲ್ಲದೆ ಒಂದೇ ತುಂಡಾಗಿ ನೇಯ್ದ ಅಂಗಿಯೆಂದು. ಅದನ್ನು ಯಾರು ಮಾಡಿದರೆಂದು ಶುಭಸಂದೇಶದಲ್ಲಿ ಇಲ್ಲ. ತಾಯಿಯೇ ಮಾಡಿದರೆಂದು ಭಕ್ತರು ನಂಬುತ್ತ ಬಂದರು. ಅದೇನೇ ಇರಲಿ, ಆ ಅಂಗಿ ಕೊನೆಗೆ ಎಲ್ಲಿ ಹೋಯಿತೆಂದು ನಮಗೆ ಗೊತ್ತು. ಕಲ್ವಾರಿಯಲ್ಲಿ ಸೈನಿಕರು ಅದಕ್ಕೆ ಚೀಟಿ ಹಾಕಿದರು. ಅದೇ ಅಧ್ಯಾಯ ತಾಯಿ ಶಿಲುಬೆಯ ಬಳಿ ನಿಂತಿದ್ದರೆಂದೂ ಹೇಳುತ್ತದೆ. ತನ್ನ ಕೈಯ ಅಂಗಿ ಯಾವನೋ ಸೈನಿಕನ ಪಾಲಾಗುವುದನ್ನು ಆಕೆ ಕಂಡಿರಬೇಕು. ಚಿತ್ರದ ಮರಿಯಮ್ಮನವರು ಹೆಣಿಗೆ ನಿಲ್ಲಿಸಿಲ್ಲ ಎಂಬುದನ್ನು ನೀವು ಗಮನಿಸಬೇಕು. ಅಂಗಿ ಎಲ್ಲಿಗೆ ಹೋಗುತ್ತದೆಂಬ ಗುರುತು ಬಾಗಿಲಿಗೇ ಬಂದು ನಿಂತಿದ್ದರೂ, ಕುತ್ತಿಗೆಯ ಸುತ್ತು ನಡೆದೇ ಇದೆ.

ಗುರುತು ಪರಿಚಯ ಇಲ್ಲದವರಿಗೆ ಹೆಣೆಯುವಾಗ ಈ ಬಿಡುಗಡೆ ನಮಗೂ ಸುಲಭ. 1962ರ ಚೀನಾ ಯುದ್ಧದ ಚಳಿಗಾಲದಲ್ಲಿ ದೇಶದ ಎಷ್ಟೋ ಮನೆಗಳಲ್ಲಿ ಗೃಹಿಣಿಯರು, ಶಾಲೆಯ ಹುಡುಗಿಯರು ಜವಾನರಿಗಾಗಿ ಸ್ವೆಟರ್ ಹೆಣೆದರು. ಯಾರ ಮೈಗೆ ಹೋಯಿತೆಂದು ಕೇಳಿದವರಿಲ್ಲ. ಕಷ್ಟವಿರುವುದು ನಮ್ಮವರಿಗೆ ಕೊಡುವಾಗ.

ಪಡೆಯುವವರಿಗೂ ಒಂದು ಮಾತು ಹೇಳದಿದ್ದರೆ ಅನ್ಯಾಯವಾದೀತು. ಪ್ರೇಷಿತರ ಕಾರ್ಯಕಲಾಪಗಳಲ್ಲಿ ಯೊಪ್ಪದ ತಬಿಥಾ ಸತ್ತು ಮಲಗಿದ್ದಾಗ ವಿಧವೆಯರು ಅಳುತ್ತ ಪೇತ್ರನ ಸುತ್ತ ನಿಂತು, ಆಕೆ ಮಾಡಿಕೊಟ್ಟ ಅಂಗಿ ಮೇಲಂಗಿಗಳನ್ನು ತೋರಿಸುತ್ತಾರೆ. ತೋರಿಸಿ ಎಂದು ತಬಿಥಾ ಕೇಳಿದವಳಲ್ಲ, ಕೇಳುವ ಸ್ಥಿತಿಯಲ್ಲೂ ಇರಲಿಲ್ಲ. ಬದುಕಿದ್ದಾಗಲೇ ಒಮ್ಮೆ ತೋರಿಸಿದರೆ ತಪ್ಪೇನು? ಸೆಕೆಯಾದರೆ ಸೆಕೆ ಎನ್ನಿ. ದಾರ ಚುಚ್ಚಿದರೆ ಚುಚ್ಚುತ್ತದೆ ಎನ್ನಿ. ಅದರ ಜೊತೆಗೆ ಆ ಸಾಲುಗಳು ಎಷ್ಟು ಸಮವಾಗಿವೆ ಎಂದು ನೋಡಿ ಹೇಳಿ. ಮೂವತ್ತು ಗಂಟೆಯ ಕೆಲಸವನ್ನು ಒಂದು ನಿಮಿಷ ಬೆಳಕಿಗೆ ಹಿಡಿದು ನೋಡದವರಿಗೆ ನನ್ನ ವಕಾಲತ್ತು ಇಲ್ಲ.

ಮಂಗಳೂರಿನ ಸೊಸೆ ಕೊನೆಗೂ ಬಾಯಿ ಬಿಟ್ಟಳು. ಮಗು ಬೆಳೆದ ಮೇಲೆ ಒಂದು ದಿನ, "ಅತ್ತೆ, ಇಲ್ಲಿ ಸೆಕೆಗೆ ಅದನ್ನ ಜಾಸ್ತಿ ಹಾಕೋಕಾಗಲೇ ಇಲ್ಲ. ನಮ್ಮ ಕೆಲಸದವಳ ತಂಗಿ ಮಡಿಕೇರಿ ಕಡೆ ತೋಟದಲ್ಲಿದಾಳೆ, ಹೆರಿಗೆಯಾಗಿದೆ. ಕೊಡಲಾ?" ಎಂದು ಕೇಳಿದಳು. ಆ ಕಡೆ ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ ಅತ್ತೆ, "ಕಾಲುಚೀಲದ ಲಾಡಿ ಬಿಗಿ ಇದೆ, ಸಡಿಲ ಮಾಡಿ ಕೊಡು" ಎಂದರು.

ಆಗಮನ ಕಾಲ ಬಂದಾಗ ಕ್ರಿಸ್ಮಸ್ಸಿಗೆಂದು ನೀವು ಹೊಸ ಉಂಡೆ ಬಿಚ್ಚುವಿರಿ. ಪ್ರಶ್ನೆಗಳನ್ನೆಲ್ಲ ಆಗಲೇ, ಮೊದಲ ಸಾಲಿಗೆ ಮುಂಚೆಯೇ ಕೇಳಿಬಿಡಿ. ಊರಲ್ಲಿ ಚಳಿ ಎಷ್ಟು? ಮಗುವಿಗೆ ಉಲ್ಲನ್ ಒಗ್ಗುತ್ತದೆಯೇ, ಹತ್ತಿಯ ದಾರ ತರಲೇ? ಮಗುವಿನ ತಾಯಿಗೆ ಯಾವ ಬಣ್ಣ ಇಷ್ಟ? ಕುಲಾವಿಯಾದರೆ ತಲೆಯ ಸುತ್ತಳತೆಯನ್ನು ಬರೆದಿಟ್ಟುಕೊಳ್ಳಿ. ಅಳತೆಗಿಂತ ಒಂದೆರಡು ಬೆರಳು ಕಡಿಮೆಯೇ ಇರಲಿ, ಹೆಣಿಗೆ ಹಿಗ್ಗುತ್ತದೆ.