ಯಾತ್ರೆಯ ಸುಖ, ಲೋಕದ ದುಃಖ

ಯಾತ್ರಿಕ ಬಂಧುಗಳೇ,

ಗುಡ್ಡ ಹತ್ತಿ ಬಂದು, ಮಾಲತೇಶನಿಗೆ ಕಾಯಿ ಒಡೆಸಿ, ಹಣೆಗೆ ಭಂಡಾರ ಹಚ್ಚಿಕೊಂಡು, ನೆರಳು ನೋಡಿ ಕುಂತು ಈ ಪುಸ್ತಕ ತೆರೆದಿರುತ್ತೀರಿ. ಕಾಲು ನೋಯುತ್ತಿರಬಹುದು, ಆದರೆ ಮನಸ್ಸು ಹಗುರಾಗಿರುತ್ತದೆ. ಹೀಗೆ ಹಗುರಾಗುವ ಸುಖದ ಬಗ್ಗೆಯೇ ನಾಲ್ಕು ಮಾತು ಬರೆಯುತ್ತೇನೆ. ಲೋಕದಲ್ಲಿ ಇಷ್ಟೊಂದು ದುಃಖ ಇರುವಾಗ ನಾವು ಬುತ್ತಿ ಕಟ್ಟಿಕೊಂಡು ಸಂತೋಷದಿಂದ ಊರೂರು ತಿರುಗುವುದು ಸರಿಯೇ? ಈ ಪ್ರಶ್ನೆ ನನ್ನನ್ನು ಬಹಳ ವರ್ಷ ಕಾಡಿದೆ.

ನಾನು ಶಿಗ್ಗಾಂವಿ ತಾಲೂಕಿನ ದುಂಡಸಿಯವನು. ನಮ್ಮದು ತಿರುಗಾಡಿದವರ ಸೀಮೆ. ಬಾಡದಲ್ಲಿ ಹುಟ್ಟಿದ ಕನಕದಾಸರು ಕಾಗಿನೆಲೆಯಲ್ಲಿ ನಿಂತರು, ಉಡುಪಿಯ ತನಕ ಹೋದರು. ಶಿಶುನಾಳದ ಷರೀಫ ಸಾಹೇಬರು (1819-1889) ಗುರು ಗೋವಿಂದಭಟ್ಟರ ಬೆನ್ನು ಹತ್ತಿದರು. ಇಂದಿಗೂ ಅವರ ಗದ್ದುಗೆಗೆ ಹಿಂದೂ ಮುಸಲ್ಮಾನ ಎರಡೂ ಸಮಾಜದವರು ಬಂದು ಕೈ ಮುಗಿಯುತ್ತಾರೆ. ಅಂಥ ನೆಲದವನಾದ ನನಗೂ ಸಣ್ಣಂದಿನಿಂದ ತಿರುಗುವ ಹುಚ್ಚು. ಚಕ್ಕಡಿ ಕಟ್ಟಿಕೊಂಡು ಈ ಗುಡ್ಡಕ್ಕೆ ಬರುತ್ತಿದ್ದ ಕಾಲ ನನಗಿನ್ನೂ ನೆನಪಿದೆ. ಅವ್ವ ಕಟ್ಟಿದ ಖಡಕ್ ರೊಟ್ಟಿ, ಶೇಂಗಾ ಚಟ್ನಿ, ಎಣ್ಣೆಗಾಯಿ. ಬಂಕಾಪುರದ ಕೋಟೆ ಹತ್ತಿರ ಬೆಳಗಿನ ಜಾವ ನವಿಲು ಕೂಗುತ್ತಿದ್ದವು. ಒಮ್ಮೆ ಅಪ್ಪ ದಾರಿ ಬಿಟ್ಟು ಸವಣೂರಿಗೆ ಕರೆದೊಯ್ದು ಕಲ್ಮಠದ ದೊಡ್ಡ ಹುಣಸೆಮರ ತೋರಿಸಿದ. ಏಳೆಂಟು ಜನ ಕೈ ಹಿಡಿದು ನಿಂತರೂ ತೆಕ್ಕೆಗೆ ಬಾರದ ಬೊಡ್ಡೆ! ಅದು ಆಫ್ರಿಕಾ ಖಂಡದ ಜಾತಿಯ ಮರ ಎಂದು ಆಮೇಲೆ ತಿಳಿಯಿತು. ಯಾವನೋ ದಾರಿಹೋಕನ ಜೋಳಿಗೆಯಲ್ಲಿ ಬೀಜವಾಗಿ ಬಂದಿರಬೇಕು. ಲೋಕ ನಾವು ತಿಳಿದಷ್ಟು ದೂರ ಇಲ್ಲ ಎಂದು ಅವತ್ತು ಅನಿಸಿತ್ತು.

ಆದರೆ ಒಂದು ಯಾತ್ರೆ ನನ್ನ ತಿರುಗಾಟದ ಸುಖವನ್ನೇ ಕಸಿದುಕೊಂಡಿತು. ಅದನ್ನು ಮುಚ್ಚಿಡದೆ ಹೇಳುತ್ತೇನೆ.

2013ರ ಜನವರಿ. ಅದರ ಹಿಂದಿನ ಎರಡು ವರ್ಷ ಮಳೆ ಕೈಕೊಟ್ಟಿತ್ತು. ನಾವು ಹತ್ತು ಮಂದಿ ಕಾಶಿಗೆ ಹೊರಟಿದ್ದೆವು. ಮುನ್ನಾದಿನ ಸಂಜೆ ಬಾಜೂ ಮನೆಯ ಹುಡುಗ, ಅಂದರೆ ಎರಡು ಮಕ್ಕಳ ತಂದೆ, ಬಂದು ಕಟ್ಟೆ ಹತ್ತಿರ ನಿಂತ.

"ಕಾಕಾ, ಒಂದೀಟು ಮಾತಾಡೂದಿತ್ತ್ರೀ."

"ನಾಳೆ ನಸಿಕಿಲೆ ಹೊಂಟೇನೋ ತಮ್ಮಾ. ಬಂದಮ್ಯಾಲ ಮಾತಾಡೂಣು."

"ಆತ್ರೀ ಕಾಕಾ, ಆರಾಮ ಹೋಗಿ ಬರ್ರಿ" ಎಂದ. ಮರುದಿನ ಅವನೇ ಬಂದು ನನ್ನ ಟ್ರಂಕು ಹೊತ್ತು ಬಸ್ಸಿನ ಮಟ ಬಂದ. ಆಗಲೂ ನಾನು ಕೇಳಲಿಲ್ಲ.

ಹದಿನೈದು ದಿನ ಬಿಟ್ಟು ಗಂಗೆಯ ಗಿಂಡಿ ಕೊಡಲು ಅವರ ಮನೆಗೆ ಹೋದರೆ ಬಾಗಿಲಿಗೆ ಕೀಲಿ. ಬೋರು ಬತ್ತಿ, ಸಾಲ ತಲೆಗೇರಿ, ಗಂಡ ಹೆಂಡತಿ ಮಕ್ಕಳು ಕೂಡಿ ಗೋವಾಕ್ಕೆ ಗೌಂಡಿ ಕೆಲಸಕ್ಕೆ ಹೋಗಿದ್ದರು. ಇನ್ನೊಬ್ಬ ಮಗನ ಮನೆಯಲ್ಲಿದ್ದ ಅವನ ತಾಯಿ ಹೇಳಿದಳು: "ಅಂವಾ ನಿನ್ನ ಹತ್ರ ರೊಕ್ಕ ಕೇಳಾಕ ಬಂದಿರಲಿಲ್ಲಪಾ. ಏಳನೇ ಇಯತ್ತೆ ಹುಡುಗಿ, ಪರೀಕ್ಷಾ ಮುಗಿಯೂ ತನಕ ನಿಮ್ಮನ್ಯಾಗ ಇಟ್ಕೊಳ್ರಿ ಅಂತ ಕೇಳಾಂವ ಇದ್ದ."

ನಮ್ಮ ಮನೆಯಲ್ಲಿ ಜಾಗ ಇತ್ತು, ಜ್ವಾಳ ಇತ್ತು. ಎರಡು ತಿಂಗಳ ಮಾತು. ಆ ಹುಡುಗಿ ಮತ್ತೆ ಸಾಲಿಗೆ ಹೋಗಲಿಲ್ಲ. ಗಂಗೆಯ ಗಿಂಡಿ ಇವತ್ತಿಗೂ ನಮ್ಮ ಜಗಲಿ ಮೇಲೆ ಹಾಗೇ ಇದೆ.

ಅವತ್ತಿಗೆ ಯಾತ್ರೆ ಬಿಟ್ಟೆ. ತಿರುಗಾಟದ ಸುಖವೇ ಪಾಪ ಎಂದುಕೊಂಡೆ. ಮನೆಯಲ್ಲಿ ಕುಂತು ಪೇಪರು ಓದುವುದು, ಟಿವಿ ನೋಡುವುದು. ಎಲ್ಲೋ ಯುದ್ಧ, ಎಲ್ಲೋ ಬರ. ನೋಡಿ ನೋಡಿ ಕಣ್ಣೀರು ಹಾಕಿದೆ, ಸರಕಾರಕ್ಕೆ ಬೈದೆ. 2019ರ ಆಗಸ್ಟಿನಲ್ಲಿ ನಮ್ಮ ವರದಾ ನದಿಯೇ ದಂಡೆ ಮೀರಿ ಹೊಲಮನೆಗೆ ನುಗ್ಗಿತು. ನಮ್ಮದೇ ಜಿಲ್ಲೆಯ ಆ ದುಃಖವನ್ನೂ ನಾನು ಹಾಸಿಗೆ ಮೇಲೆ ಕುಂತು ಟಿವಿಯಲ್ಲೇ ನೋಡಿದೆ! ಮನೆಬಿಟ್ಟು ಹೋಗದೇ ಇದ್ದುದರಿಂದ ಯಾರಿಗೂ ಒಂದು ತುತ್ತು ಅನ್ನ ಹೆಚ್ಚಿಗೆ ಸಿಗಲಿಲ್ಲ. ನನ್ನ ಮನಸ್ಸು ಮಾತ್ರ ಕಹಿಯಾಯಿತು.

2020ರ ಮಾರ್ಚ್ 25ರಿಂದ ಲಾಕ್‌ಡೌನ್ ಆಗಿ ಬಸ್ಸು ರೈಲು ನಿಂತವು. ದುಡಿಯಲು ದೂರದ ಊರಿಗೆ ಹೋದವರು ತಲೆ ಮೇಲೆ ಗಂಟು, ಹೆಗಲ ಮೇಲೆ ಕೂಸು ಹೊತ್ತು ಹೆದ್ದಾರಿ ಹಿಡಿದು ನಡೆದರು. ದೂರದಿಂದ ನೋಡಿದರೆ ಥೇಟ್ ಪಾದಯಾತ್ರೆ. ಆದರೆ ನಾವು ನಡೆಯುವುದು ಹರಕೆ ಹೊತ್ತು, ಅವರು ನಡೆದದ್ದು ಬೇರೆ ದಾರಿ ಇಲ್ಲದೆ. ದಾರಿ ಒಂದೇ, ನಡೆಯುವವರು ಎರಡು ಥರ. ಇದು ನನಗೆ ಅಲ್ಲಿಯ ತನಕ ಹೊಳೆದಿರಲಿಲ್ಲ.

2022ರ ಮಾರ್ಚ್ 1, ಶಿವರಾತ್ರಿ ದಿನ. ಇದೇ ರಾಣೇಬೆನ್ನೂರು ತಾಲೂಕಿನ ಚಳಗೇರಿಯಿಂದ ಡಾಕ್ಟರಕಿ ಓದಲು ಹೋಗಿದ್ದ ಹುಡುಗ ಉಕ್ರೇನಿನ ಖಾರ್ಕಿವ್ ಪಟ್ಟಣದಲ್ಲಿ, ಊಟದ ಸಾಮಾನು ತರಲು ಹೊರಗೆ ಬಂದಾಗ ದಾಳಿಗೆ ತುತ್ತಾದ. ಎಲ್ಲಿಯ ಯುದ್ಧ, ಎಲ್ಲಿಯ ಚಳಗೇರಿ! ಇಪ್ಪತ್ತು ದಿನದ ಮೇಲೆ ಊರಿಗೆ ಬಂದ ಮಗನ ದೇಹವನ್ನು ತಂದೆತಾಯಿ ಮಣ್ಣು ಮಾಡಲಿಲ್ಲ. ದಾವಣಗೆರೆಯ ವೈದ್ಯಕೀಯ ಕಾಲೇಜಿಗೆ ದಾನ ಕೊಟ್ಟರು. ಅಷ್ಟು ದೊಡ್ಡ ದುಃಖದ ನಡುವೆಯೂ ಅವರಿಗೆ ಬೇರೆಯವರ ಮಕ್ಕಳ ಓದು ಕಂಡಿತು. ನನಗೆ ಕಾಶಿಯ ಸಡಗರದಲ್ಲಿ ಬಾಜೂ ಮನೆಯ ಹುಡುಗಿಯ ಓದು ಕಾಣಲಿಲ್ಲ.

ಅದೇ ವರ್ಷದ ಮಹಾನವಮಿಗೆ, ಒಂಬತ್ತು ವರ್ಷದ ಮೇಲೆ, ಈ ಗುಡ್ಡಕ್ಕೆ ಬಂದೆ. ನಿಮಗೆಲ್ಲ ಗೊತ್ತಿದ್ದದ್ದೇ. ಕಂಬಳಿ ತೊಟ್ಟ ಗೊರವಯ್ಯ ಬಿಲ್ಲು ಏರುತ್ತಾನೆ. ಕೆಳಗೆ ಕಣ್ಣು ಹಾಯುವಷ್ಟು ದೂರ ಜನ. ಮಕ್ಕಳ ಅಳು, ಪೀಪಿ, ಡಮರುಗ, ಏಳುಕೋಟಿ ಘೋಷ. ಮೇಲಿನಿಂದ "ಸದ್ದಲೇ!" ಎಂದ ಕೂಡಲೇ ಎಲ್ಲ ಸ್ತಬ್ಧ. ಮಳೆ ಹೇಗೆ, ಬೆಳೆ ಹೇಗೆ, ನಾಡು ಹೇಗೆ ಎಂದು ಆ ಒಂದು ಮಾತಿಗಾಗಿ ಎಲ್ಲರೂ ಉಸಿರು ಹಿಡಿದು ನಿಲ್ಲುತ್ತೇವೆ.

ಆ ಮೌನದಲ್ಲಿ ನನಗೆ ಕೇಳಿಸಿದ್ದು ಕಾರಣಿಕವಲ್ಲ, "ಒಂದೀಟು ಮಾತಾಡೂದಿತ್ತ್ರೀ" ಎಂಬ ಆ ಹುಡುಗನ ಮಾತು. ಲೋಕಕ್ಕೆ ಮುಂದೇನಾದೀತು ಎಂದು ಕೇಳಲು ಬಿಸಿಲಲ್ಲಿ ತಾಸುಗಟ್ಟಲೆ ನಿಲ್ಲುವ ನಾನು, ಬಾಗಿಲಿಗೆ ಬಂದವನ ಮಾತು ಕೇಳಲು ಐದು ನಿಮಿಷ ಬಾಯಿ ಮುಚ್ಚಿ ನಿಲ್ಲಲಿಲ್ಲ. ನನ್ನ ತಪ್ಪು ಕಾಶಿಗೆ ಹೋದದ್ದಲ್ಲ. ಕೇಳದೆ ಹೋದದ್ದು.

ಆದ್ದರಿಂದ ಬಂಧುಗಳೇ, ಯಾತ್ರೆಯ ಸುಖ ಪಾಪ ಎಂದು ನಾನೀಗ ಹೇಳುವುದಿಲ್ಲ. ದುಡಿದು ದಣಿದ ಜೀವಕ್ಕೆ ಅದು ಬೇಕು. ಲೋಕದ ದುಃಖವನ್ನೆಲ್ಲ ಒಬ್ಬನ ಹೆಗಲಿಗೆ ದೇವರೂ ಹೊರಿಸಿಲ್ಲ. ಅದರಲ್ಲಿ ನಮ್ಮ ಹೊಸ್ತಿಲಿಗೆ ಬಂದ ಪಾಲು, ಬಸ್ಸಿನಲ್ಲಿ ನಮ್ಮ ಬಾಜೂ ಸೀಟಿಗೆ ಕುಂತ ಪಾಲು, ಅಷ್ಟು ಮಾತ್ರ ನಮ್ಮದು. ಇಲ್ಲಿ ದೋಣಿ ತುಂಬಿಸುವ ಸೇವೆ ನೋಡಿದ್ದೀರಿ. ಗೊರವಯ್ಯನ ಮುಂದಿನ ದೋಣಿಯನ್ನು ಹಾಲು ಬಾಳೆಹಣ್ಣಿನಿಂದ ತುಂಬಿಸುವವರು ಬಂದ ಭಕ್ತರೇ.

ಈಗ ನಾನು ಮತ್ತೆ ತಿರುಗುತ್ತೇನೆ. ಹೊರಡುವ ಮುನ್ನಾದಿನ ಮಾತ್ರ ನಮ್ಮ ಓಣಿಯಲ್ಲಿ ಒಂದು ಸುತ್ತು ಹಾಕಿ, "ನಾಳೆ ಹೊಂಟೇನ್ರಪಾ, ಏನರ ಹೇಳೂದೈತೇನು?" ಎಂದು ಕೇಳಿ ಬರುತ್ತೇನೆ. ಬಹಳ ಮಂದಿ "ಏನಿಲ್ರೀ, ಪ್ರಸಾದ ತರ್ರಿ" ಎನ್ನುತ್ತಾರೆ. ಒಬ್ಬರಿಬ್ಬರು "ಒಳಗ ಬರ್ರಿ, ಕುಂದರ್ರಿ" ಎನ್ನುತ್ತಾರೆ. ಅವರ ಮನೆಯಲ್ಲಿ ಕುಂತು ಕೇಳುತ್ತೇನೆ. ಬಸ್ಸು ತಪ್ಪಿದರೆ ಇನ್ನೊಂದು ಬರುತ್ತದೆ.

ನಿಮ್ಮ ಪ್ರಯಾಣ ಸುಖವಾಗಲಿ. ಊರಿಗೆ ಹೋದ ಮೇಲೆ ಪ್ರಸಾದ ಹಂಚುವಾಗ ಬಾಗಿಲಲ್ಲೇ ಕೊಟ್ಟು ಬರಬೇಡಿ, ಒಂದು ಗಳಿಗೆ ಕುಂತು ಬನ್ನಿ.