ಶಾಸ್ತ್ರದಾನವೂ ಇತಿಹಾಸದ ವಿದ್ಯಾರ್ಥಿಯೂ

ಆಹಾರ, ಅಭಯ, ಔಷಧ, ಶಾಸ್ತ್ರ ಎಂಬ ಚತುರ್ವಿಧ ದಾನಗಳಲ್ಲಿ ಮೊದಲ ಮೂರರ ಫಲ ಬೇಗನೆ ಕಾಣುತ್ತದೆ. ಹಸಿದವನು ಉಣ್ಣುತ್ತಾನೆ, ಅಂಜಿದವನು ನಿರ್ಭಯನಾಗುತ್ತಾನೆ, ರೋಗಿ ಚೇತರಿಸಿಕೊಳ್ಳುತ್ತಾನೆ. ಶಾಸ್ತ್ರದಾನದ ಫಲವಾದರೋ ದಾನಿಯ ಜೀವಿತಕಾಲದಲ್ಲಿ ತೋರಬಹುದು, ತೋರದೆಯೂ ಇರಬಹುದು. ದಾನಚಿಂತಾಮಣಿ ಅತ್ತಿಮಬ್ಬೆಯು ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಬರೆಯಿಸಿ ಹಂಚಿದ ಕಾಲದಲ್ಲಿ ಪ್ರತಿಗಳ ಅಭಾವವಿತ್ತು. ಇಂದು ಅಭಾವವಿರುವುದು ಹಳೆಯ ಲಿಪಿಯನ್ನು ಓದಿ ಅರ್ಥೈಸಬಲ್ಲವರದು.

ಶ್ರವಣಬೆಳಗೊಳದ ಶಾಸನಗಳನ್ನು ಬಿ. ಎಲ್. ರೈಸ್ 1889ರಲ್ಲಿ ಪ್ರಕಟಿಸಿದಾಗ ಅವುಗಳ ಸಂಖ್ಯೆ 144, ಆರ್. ನರಸಿಂಹಾಚಾರ್ ಅವರ 1923ರ ಪರಿಷ್ಕೃತ ಸಂಪುಟದಲ್ಲಿ ಅದು 500ಕ್ಕೆ ಏರಿತು. ಕಲ್ಲುಗಳು ಮೊದಲೂ ಅಲ್ಲಿಯೇ ಇದ್ದವು. ಹುಡುಕಿ ಓದುವವರಿಗೆ ಮೈಸೂರು ಸರ್ಕಾರ ಸಂಬಳವಿತ್ತು ಪೋಷಿಸಿತು.

ರಾಜಾಜಿನಗರ, ವಿಜಯನಗರ, ಬಸವೇಶ್ವರನಗರಗಳ ಶ್ರಾವಕ ಕುಟುಂಬಗಳಿಗೆ ಬೆಂಗಳೂರು ವಿಶ್ವವಿದ್ಯಾಲಯದ ಜ್ಞಾನಭಾರತಿ ಆವರಣ ದೂರವಲ್ಲ. ಕೆಂಗೇರಿಯ ದಾರಿಯಲ್ಲೇ ಇದೆ. ಅಮೆರಿಕದ ವಿಶ್ವವಿದ್ಯಾಲಯಗಳಲ್ಲಿ ಉನ್ನತ ವ್ಯಾಸಂಗದ ಅನೇಕ ವಿದ್ಯಾರ್ಥಿಗಳು ಪಾಠಕ್ಕೋ ಸಂಶೋಧನೆಗೋ ಸಹಾಯಕರಾಗಿ ದುಡಿದು ವೇತನ ಪಡೆಯುತ್ತಾರೆ. ನಮ್ಮಲ್ಲಿ ಯುಜಿಸಿಯ ಕಿರಿಯ ಸಂಶೋಧನಾ ವೇತನವು ರಾಷ್ಟ್ರೀಯ ಅರ್ಹತಾ ಪರೀಕ್ಷೆಯಲ್ಲಿ ಮೇಲಿನ ಸ್ಥಾನ ಗಳಿಸಿದವರಿಗೆ ಮಾತ್ರ ದೊರೆಯುತ್ತದೆ. ಉಳಿದವರು ಊಟ, ಪ್ರಯಾಣ, ಶಾಸನಗಳ ಪಡಿಯಚ್ಚು, ಪ್ರಾಕೃತದ ಅಭ್ಯಾಸ ಇವೆಲ್ಲಕ್ಕೂ ದಾರಿ ಕಾಣದೆ ವ್ಯಾಸಂಗವನ್ನೇ ಬಿಡುವ ಸಂಭವವುಂಟು. ಇಂಥವರಿಗೆ ದತ್ತಿನಿಧಿಯಿಂದ ನೆರವೀಯುವುದು ಶಾಸ್ತ್ರದಾನವೇ ಸರಿ.

ಇಲ್ಲಿ ಒಂದು ಧರ್ಮಸೂಕ್ಷ್ಮವಿದೆ. ಸಮಾಜದ ಹಣ ಪಡೆದ ವಿದ್ಯಾರ್ಥಿ ಸಮಾಜಕ್ಕೆ ಅಪ್ರಿಯವಾದುದನ್ನು ಬರೆದರೆ ಏನು ಮಾಡಬೇಕು? ಭದ್ರಬಾಹುಗಳೊಡನೆ ಚಂದ್ರಗುಪ್ತ ಮೌರ್ಯನು ಬೆಳಗೊಳಕ್ಕೆ ಬಂದನೆಂಬ ಪರಂಪರೆಯನ್ನು ರೈಸ್ ಒಪ್ಪಿದರು, ಜೆ. ಎಫ್. ಫ್ಲೀಟ್ ಅದೇ ಬೆಟ್ಟದ ಶಾಸನವನ್ನೇ ಹಿಡಿದು ಅದನ್ನು ಅಲ್ಲಗಳೆದರು. ನೆರವು ಪಡೆದ ವಿದ್ಯಾರ್ಥಿ ಫ್ಲೀಟರ ಪಕ್ಷಕ್ಕೆ ಸೇರಿದರೆ ಮರುವರ್ಷದ ವೇತನವನ್ನು ನಿಲ್ಲಿಸಬೇಕೆ? ಭಕ್ತರು ಶ್ರದ್ಧೆಯಿಂದ ಕೊಟ್ಟ ಹಣವು ಅವರ ಶ್ರದ್ಧೆಗೇ ನೋವುಂಟುಮಾಡಬಾರದೆಂಬ ಧರ್ಮದರ್ಶಿಗಳ ಅಳುಕು ತಳ್ಳಿಹಾಕುವಂಥದ್ದಲ್ಲ.

ಆದರೆ ಸ್ವ-ಪರ ಹಿತಕ್ಕಾಗಿ ತನ್ನದೆಂಬುದನ್ನು ತ್ಯಜಿಸುವುದೇ ದಾನವೆಂಬುದು ಉಮಾಸ್ವಾಮಿಗಳ ತತ್ತ್ವಾರ್ಥಸೂತ್ರದ ಆಶಯ. ಹಣವನ್ನು ಬಿಟ್ಟು ಅಭಿಪ್ರಾಯದ ಮೇಲಿನ ಹಿಡಿತವನ್ನು ಉಳಿಸಿಕೊಂಡರೆ ಅದು ತ್ಯಾಗವಲ್ಲ, ಖರೀದಿ. ಅಂಗಡಿಯಲ್ಲಿ ಅದು ನ್ಯಾಯವಾದ ವ್ಯವಹಾರ. ದಾನಶಾಲೆಯಲ್ಲಿ ಅದು ನಿದಾನವೆಂಬ ಶಲ್ಯ. ಇನ್ನೂ ಗಂಭೀರವಾದ ದೋಷವೊಂದಿದೆ. ಕೂಟಲೇಖಕ್ರಿಯೆ, ಅಂದರೆ ಸುಳ್ಳು ಬರಹ, ಸತ್ಯಾಣುವ್ರತದ ಐದು ಅತಿಚಾರಗಳಲ್ಲಿ ಒಂದು. ಕೃತ, ಕಾರಿತ, ಅನುಮೋದಿತ ಮೂರಕ್ಕೂ ಕರ್ಮಬಂಧವಿದೆ. ತನಗೆ ತೋರದ ನಿರ್ಣಯವನ್ನು ವೇತನದ ಆಸೆಗಾಗಿ ಬಡ ವಿದ್ಯಾರ್ಥಿಯಿಂದ ಬರೆಯಿಸಿದವರು ಆ ದೋಷದಲ್ಲಿ ಪಾಲುದಾರರು. ಶ್ರದ್ಧೆಗೆ ಆಧಾರ ರತ್ನತ್ರಯವೇ ಹೊರತು ಯಾವ ಅರಸನು ಯಾವ ಬೆಟ್ಟವನ್ನು ಏರಿದನೆಂಬುದಲ್ಲ.

ಹಾಗೆಂದು ಲೆಕ್ಕ ಕೇಳಬಾರದೆಂದಲ್ಲ. ಪರರ ಹಣವನ್ನು ನಿರ್ವಹಿಸುವವರು ಕೇಳಲೇಬೇಕು. ಯಾವ ಕ್ಷೇತ್ರಗಳಿಗೆ ಹೋದರು, ಎಷ್ಟು ಶಾಸನಗಳನ್ನು ಓದಿದರು, ವಿರುದ್ಧವಾದ ಆಧಾರಗಳನ್ನು ಮರೆಮಾಚದೆ ನಮೂದಿಸಿದರೆ ಎಂದು ಕೇಳುವುದು ಶ್ರಮದ ಲೆಕ್ಕ. ನಿರ್ಣಯದ ಲೆಕ್ಕವನ್ನು ಒಪ್ಪುವುದು, ತಿದ್ದುವುದು ವಿದ್ವಾಂಸರ ಕೆಲಸ. ಆಯ್ಕೆಯನ್ನು ಅಧ್ಯಾಪಕರಿಗೆ ಬಿಡಬೇಕು; ಅಭ್ಯರ್ಥಿಯ ಕುಲವನ್ನು ವಿಚಾರಿಸಬಾರದು. ಜ್ಞಾನಾವರಣೀಯ ಕರ್ಮವು ಕುಲ ನೋಡಿ ಕವಿಯುವುದಿಲ್ಲ.

ಸೊಲ್ಲಾಪುರದ ಬ್ರಹ್ಮಚಾರಿ ಜೀವರಾಜ ಗೌತಮಚಂದ ದೋಶಿಯವರು ತಮ್ಮ ಸಂಪತ್ತನ್ನು ಜೈನ ಸಂಸ್ಕೃತಿ ಸಂರಕ್ಷಕ ಸಂಘಕ್ಕೆ ಧಾರೆಯೆರೆದರು. ದಕ್ಷಿಣ ಭಾರತದ ಜೈನಧರ್ಮವನ್ನೂ ಅದರ ಶಾಸನಗಳನ್ನೂ ಕುರಿತ ಪಿ. ಬಿ. ದೇಸಾಯಿಯವರ ಗ್ರಂಥ 1957ರಲ್ಲಿ ಆ ಸಂಘದಿಂದಲೇ ಹೊರಬಂದಿತು. ಅದೇ ವರ್ಷ ದೋಶಿಯವರು ದಿವಂಗತರಾದರು. ಗ್ರಂಥವನ್ನು ಇಂದಿಗೂ ಒಪ್ಪುವವರೂ ಒಪ್ಪದವರೂ ಓದುತ್ತಿದ್ದಾರೆ. ಧರ್ಮದರ್ಶಿಗಳು ಮುಂದಿನ ಅಕ್ಷಯ ತೃತೀಯೆಯಂದು ಒಬ್ಬ ವಿದ್ಯಾರ್ಥಿಗಾದರೂ ಇಂಥ ನೆರವನ್ನು ಸಂಕಲ್ಪಿಸಲಿ. ದತ್ತಿಪತ್ರದಲ್ಲಿ ನಿರ್ಣಯವು ವಿದ್ಯಾರ್ಥಿಯದೇ ಎಂಬ ಒಂದು ವಾಕ್ಯವನ್ನು ಮರೆಯದೆ ಬರೆಯಿಸಲಿ.